14 ಜನ ನೋಡಿ ಹೋದರು, ಒಬ್ಬರೂ ವ್ಯಾಪಾರಕ್ಕೆ ಕೂರಲಿಲ್ಲ: ಒಂದು ಮನೆ ಮಾರಾಟದ ಪ್ರಕರಣ ಅಧ್ಯಯನ

ಎರಡು ಅಂತಸ್ತಿನ ಮನೆ. ಕೆಳಗೆ ಹಾಲ್, ಅಡುಗೆಮನೆ, ಒಂದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡ ಬಾತ್‌ರೂಮ್. ಮೇಲೆ ಎರಡು ಕೋಣೆ, ಇನ್ನೊಂದು ಬಾತ್‌ರೂಮ್, ಬಾಲ್ಕನಿ. ಕಟ್ಟಿ 16 ವರ್ಷ. ಮಾಲೀಕ ದಂಪತಿ ಬೇರೆ ಕಡೆ ಹೋಗಿ ನೆಲೆಸಿ 5 ತಿಂಗಳಾಗಿತ್ತು. ಮನೆ ಖಾಲಿ, ಬೀಗದ ಕೈ ಏಜೆಂಟರ ಹತ್ತಿರ. ಜಾಹೀರಾತು ಹಾಕಿದ 6 ವಾರಗಳಲ್ಲಿ 41 ಫೋನ್ ಬಂದವು, 14 ಜನ ಬಂದು ನೋಡಿದರು, ಎರಡನೇ ಸಲ ಬಂದವರು ಒಬ್ಬರೇ. ಬೆಲೆ ಮಾತಿಗೆ ಯಾರೂ ಕೂರಲಿಲ್ಲ.

ಇದು ಯಾವುದೋ ಒಂದು ಮನೆಯ ಕಡತವಲ್ಲ. ಹಲವು ಮಾರಾಟಗಳಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನು ಒಂದೇ ಮನೆಗೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟವು. ಕೇಳಿದ ಬೆಲೆಯನ್ನು ಕೊನೆಯವರೆಗೂ 100 ಎಂದು ಇಟ್ಟುಕೊಂಡರೆ ಸಾಕು.

ಆರನೇ ವಾರದ ಕೊನೆಗೆ ಏಜೆಂಟರ ಸಲಹೆ ಬಂತು: "ಎಲ್ಲರೂ ರೇಟು ಜಾಸ್ತಿ ಅಂತಿದಾರೆ ಸಾರ್, 92ಕ್ಕೆ ಇಳಿಸಿ." ಮಾಲೀಕರ ಲೆಕ್ಕ ಬೇರೆ. ಅಡುಗೆಮನೆ ಹಳೆಯದು ಅಂದವರಿದ್ದರು, ಅದನ್ನು ಪೂರ್ತಿ ಹೊಸದು ಮಾಡಿಸಿದರೆ ಮನೆ ಹೋಗುತ್ತದೆ ಎಂದು ಅವರ ನಂಬಿಕೆ. ಎರಡಕ್ಕೂ ಆಧಾರ ಒಂದೇ, ಬಂದವರು ಆಡಿದ ಮಾತು. ಆ ಮಾತುಗಳನ್ನು ಇಬ್ಬರೂ ಬರೆದಿಟ್ಟಿರಲಿಲ್ಲ.

ಮೊದಲು ಮಾಡಿದ್ದು: ನೆನಪನ್ನು ಹಾಳೆಗೆ ಇಳಿಸಿದ್ದು

ಏಜೆಂಟರನ್ನು ಕೂರಿಸಿಕೊಂಡು, ಅವರ ಫೋನಿನ ಕರೆ ಪಟ್ಟಿ ಮುಂದಿಟ್ಟುಕೊಂಡು, 14 ಭೇಟಿಗಳನ್ನೂ ಒಂದೊಂದು ಸಾಲಿಗೆ ಬರೆಯಲಾಯಿತು. ಯಾರು, ಎಷ್ಟು ಹೊತ್ತು ಇದ್ದರು, ಯಾವ ಕೋಣೆಯಲ್ಲಿ ನಿಂತರು, ಏನು ಕೇಳಿದರು, ಹೋಗುವಾಗ ಏನಂದರು. ಮಾತನ್ನು ಅವರು ಆಡಿದ ಹಾಗೇ ಬರೆಯಬೇಕು, ಸಾರಾಂಶ ಮಾಡಬಾರದು. ಇದಕ್ಕೆ ಕಾರಣವಿದೆ. ಏಜೆಂಟರಿಗೆ ಕಮಿಷನ್ ಸಿಗುವುದು ವ್ಯಾಪಾರ ಮುಗಿದಾಗ. ಬೆಲೆ 8 ಭಾಗ ಇಳಿದರೆ ಮಾಲೀಕರ ಕೈಯಿಂದ ಪೂರಾ 8 ಹೋಗುತ್ತದೆ, ಏಜೆಂಟರ ಕಮಿಷನ್ನಿನಲ್ಲಿ ತಗ್ಗುವುದು ಆ 8ರ ಮೇಲಿನ ಶೇಕಡಾವಾರು ಚೂರು ಮಾತ್ರ. ಹಾಗಾಗಿ ಹತ್ತು ಬಗೆಯ ಗೊಣಗಾಟ ಏಜೆಂಟರ ಬಾಯಲ್ಲಿ ಬರುವಾಗ "ರೇಟು ಜಾಸ್ತಿ" ಎಂದಾಗಿಬಿಡುವುದು ಸಹಜ. ಅದರಲ್ಲಿ ಮೋಸವೇನಿಲ್ಲ, ಅವರ ಕಿವಿ ಆ ಮಾತಿಗೆ ಹದಗೊಂಡಿರುತ್ತದೆ ಅಷ್ಟೇ.

14ರಲ್ಲಿ 5 ಜನ ಆಮೇಲೆ ಫೋನ್ ಎತ್ತಿರಲಿಲ್ಲ. ಉಳಿದ 9 ಜನರ ಮಾತು ಹೀಗಿತ್ತು (ಒಬ್ಬರೇ ಎರಡು ಮಾತು ಆಡಿದ್ದೂ ಇದೆ):

"ಮನೆ ಚೆನ್ನಾಗಿದೆ, ಮನೆಯವರ ಹತ್ರ ಮಾತಾಡಿ ಹೇಳ್ತೀವಿ" – 3
"ರೇಟು ಸ್ವಲ್ಪ ಜಾಸ್ತಿ ಆಯ್ತು" – 4
"ಹಾಲ್ ಫೋಟೋದಲ್ಲಿ ದೊಡ್ಡದಾಗಿ ಕಾಣ್ತಿತ್ತು" – 3
"ಅಡುಗೆಮನೆ ಹಳೇದು" – 2
"ಕೆಳಗಿನ ರೂಮಲ್ಲಿ ಏನೋ ವಾಸನೆ" – 1
"ಕೆಳಗಿನ ರೂಮಿಗೆ ಈಗ ಪೇಂಟ್ ಮಾಡಿಸಿದ್ರಾ? ಆ ಒಂದು ಗೋಡೆಗೆ ಮಾತ್ರ ಯಾಕೆ?" – 1

ಬರೀ ಎಣಿಕೆ ನೋಡಿದರೆ ಬೆಲೆಯೇ ಗೆದ್ದಿದೆ. ಆದರೆ ಬೆಲೆ ಜಾಹೀರಾತಿನಲ್ಲೇ ಇತ್ತು. 100 ಎಂದು ಓದಿಯೇ ಆ ನಾಲ್ವರೂ ರಜೆ ದಿನ ಹಾಳುಮಾಡಿಕೊಂಡು ಬಂದಿದ್ದರು. ಬಾಗಿಲು ದಾಟುವಾಗ ಒಪ್ಪಿಗೆಯಾಗಿದ್ದ ಬೆಲೆ 20 ನಿಮಿಷದಲ್ಲಿ ಜಾಸ್ತಿಯಾಯಿತು ಎಂದರೆ, ಆ 20 ನಿಮಿಷದಲ್ಲಿ ಏನೋ ಕಂಡಿದೆ. ಒಬ್ಬರ ಮನೆಗೆ ಹೋಗಿ "ನಿಮ್ಮ ಮನೆ ನಾರುತ್ತೆ" ಎಂದು ಯಾರೂ ಹೇಳುವುದಿಲ್ಲ. "ರೇಟು ಜಾಸ್ತಿ" ಎನ್ನುವುದು ಯಾರಿಗೂ ನೋವಾಗದ, ವಾದಕ್ಕೂ ಎಡೆಕೊಡದ ಮಾತು. ವಾಸನೆ ಎಂದವರು ಒಬ್ಬರೇ ಇರಬಹುದು. ಆ ದೂರಿನ ತೂಕ ಉಳಿದವಕ್ಕಿಂತ ಹೆಚ್ಚು, ಏಕೆಂದರೆ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ ದಾಟಬೇಕು.

ಇನ್ನು ಪೇಂಟಿನ ಪ್ರಶ್ನೆ ಕೇಳಿದವರು ಎರಡನೇ ಸಲ ಬಂದ ಅದೇ ಒಬ್ಬರು. ಎರಡನೇ ಸಲ ಬರುವವರು ಕೊಳ್ಳುವ ಮನಸ್ಸಿನಿಂದಲೇ ಬರುತ್ತಾರೆ. ಅವರ ಒಂದು ಪ್ರಶ್ನೆ, ಸುಮ್ಮನೆ ಬಂದು ಹೋದವರ ಹತ್ತು ಅಭಿಪ್ರಾಯಕ್ಕೆ ಸಮ.

ದಾರಿ ಎಲ್ಲಿ ಕಡಿದಿದೆ

ಮಾತು ಬಿಟ್ಟು ನಡೆ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಫೋನೇ ಬರದಿದ್ದರೆ ತೊಂದರೆ ಬೆಲೆಯಲ್ಲೋ ಜಾಹೀರಾತಿನಲ್ಲೋ ಇರುತ್ತದೆ. ಫೋನ್ ಬಂದು ಭೇಟಿ ಆಗದಿದ್ದರೆ ಫೋನಿನಲ್ಲಿ ಉತ್ತರಿಸುವ ರೀತಿ, ಜಾಗ, ತೋರಿಸುವ ಸಮಯ ಇವನ್ನು ನೋಡಬೇಕು. ಎರಡನೇ ಭೇಟಿಯಾಗಿಯೂ ವ್ಯಾಪಾರ ಕುದುರದಿದ್ದರೆ ಬೆಲೆ, ಕಾಗದಪತ್ರ. ಇಲ್ಲಿ 41 ಫೋನಿಗೆ 14 ಭೇಟಿ, ಅಂದರೆ ಮೂರಕ್ಕೊಂದು. ದೂರಲು ಏನೂ ಇಲ್ಲ. 14 ಭೇಟಿಗೆ ಒಂದೇ ಮರುಭೇಟಿ. ಕಡಿದಿರುವುದು ಮನೆಯೊಳಗೆ. ಈ ಹಂತದಲ್ಲಿ 92ಕ್ಕೆ ಇಳಿಸಿದ್ದರೆ ಫೋನ್ 60 ಆಗುತ್ತಿತ್ತು, ಭೇಟಿ 20 ಆಗುತ್ತಿತ್ತು, ಕೆಳಗಿನ ಕೋಣೆಯ ವಾಸನೆ ಮಾತ್ರ ಅಲ್ಲೇ ಇರುತ್ತಿತ್ತು.

ಏಜೆಂಟರು ನೆನಪಿಸಿಕೊಂಡು ಹೇಳಿದ ಇನ್ನೊಂದು ವಿವರ: ಮೇಲಿನ ಬಾಲ್ಕನಿಯಲ್ಲಿ ಜನ ಏಳೆಂಟು ನಿಮಿಷ ನಿಲ್ಲುತ್ತಿದ್ದರು. ಕೆಳಗಿನ ಕೋಣೆಯಲ್ಲಿ ಒಂದು ನಿಮಿಷವೂ ಇಲ್ಲ, ಬಾಗಿಲಲ್ಲೇ ತಲೆ ಹಾಕಿ ವಾಪಸ್. ಆ ಕೋಣೆಯಲ್ಲಿ ಕಿಟಕಿ ಮುಚ್ಚಿ, ಪ್ಲಗ್‌ಗೆ ಹಾಕುವ ರೂಮ್ ಫ್ರೆಶ್‌ನರ್ ಇಟ್ಟಿದ್ದರು. ಖಾಲಿ ಮನೆಯ ಒಂದೇ ಕೋಣೆಯಲ್ಲಿ ಮಲ್ಲಿಗೆ ಪರಿಮಳ ಘಮ್ಮೆಂದರೆ ನೋಡಲು ಬಂದವರು ಮೊದಲು ಮಾಡುವ ಕೆಲಸ ಗೋಡೆಯ ಬುಡ ನೋಡುವುದು.

ವಾಸನೆಯ ಮೂಲ: ಒಂದಲ್ಲ, ಎರಡು

ಫ್ರೆಶ್‌ನರ್ ತೆಗೆದು, ಕಿಟಕಿ ಬಾಗಿಲು ಮುಚ್ಚಿ ಒಂದು ದಿನ ಬಿಟ್ಟು ತೆರೆದಾಗ ಚರಂಡಿ ವಾಸನೆ ಮತ್ತು ಮುಗ್ಗಲು ವಾಸನೆ ಎರಡೂ ಇದ್ದವು. ಇವನ್ನು ಬೇರೆ ಬೇರೆಯಾಗಿಯೇ ಹಿಡಿಯಬೇಕು.

ಚರಂಡಿ ವಾಸನೆಗೆ ಕಾರಣ ಖಾಲಿ ಮನೆಗಳ ಮಾಮೂಲಿ ರೋಗ. ಬಾತ್‌ರೂಮ್ ನೆಲದ ಜಾಲರಿಯ ಕೆಳಗೆ ನೀರು ಹಿಡಿದಿಡುವ ಬಾಗಿದ ಭಾಗದಲ್ಲಿ (ಟ್ರ್ಯಾಪ್) ಸುಮಾರು 50 ಮಿ.ಮೀ. ಆಳದ ನೀರು ಸದಾ ನಿಂತಿರುತ್ತದೆ. ಕೊಳಚೆ ಪೈಪಿನ ಗಾಳಿ ಒಳಗೆ ಬರದಂತೆ ತಡೆಯುವುದು ಆ ನೀರೇ. ಬಳಕೆ ನಿಂತರೆ ಕೆಲವೇ ವಾರಗಳಲ್ಲಿ ಅದು ಆರಿಹೋಗುತ್ತದೆ. ಜಾಲರಿ, ಸಿಂಕು, ಬೇಸಿನ್ ಒಂದೊಂದಕ್ಕೂ 2 ಲೀಟರ್ ನೀರು ಸುರಿದು, ಕಮೋಡನ್ನು ಒಮ್ಮೆ ಫ್ಲಶ್ ಮಾಡಿ, ಮತ್ತೆ ಒಂದು ದಿನ ಮುಚ್ಚಿಟ್ಟಾಗ ಆ ವಾಸನೆ ಹೋಯಿತು. ಆಮೇಲೆ ವಾರಕ್ಕೊಮ್ಮೆ ನೀರು ಸುರಿಯುವುದು ಏಜೆಂಟರ ಹುಡುಗನ ಕೆಲಸವಾಯಿತು. ಹೆಚ್ಚು ದಿನ ಯಾರೂ ಹೋಗಲಾಗದಿದ್ದರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ.

ಮುಗ್ಗಲು ಉಳಿಯಿತು. ಬಾತ್‌ರೂಮಿಗೂ ಕೋಣೆಗೂ ನಡುವಿನ ಗೋಡೆಯಲ್ಲಿ, ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಹೊಸ ಪೇಂಟು ಸಣ್ಣ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದರೆ ಹಿಂದೆ ಉಪ್ಪಿನಂಥ ಬಿಳಿ ಪುಡಿ. ಕಲೆ ಕಂಡ ಮಾಲೀಕರು ಮಾರಾಟಕ್ಕೆ ಮುಂಚೆ ಆ ಗೋಡೆಗೆ ಮಾತ್ರ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ದರು. ನೀರು ಆವಿಯಾಗುವಾಗ ಗೋಡೆಯ ಲವಣವನ್ನು ಹೊತ್ತು ಮೇಲ್ಮೈಗೆ ತರುತ್ತದೆ, ಬಣ್ಣದ ಪದರ ಅಡ್ಡ ಬಂದರೆ ಅದನ್ನು ಎಬ್ಬಿಸುತ್ತದೆ. ಮೂಲ ನಿಲ್ಲಿಸದೆ ಹೊಡೆದ ಪೇಂಟು ಬಾಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಒಂದೇ ಗೋಡೆ ಹೊಸದಾಗಿ ಹೊಳೆಯುವುದು ಮುಚ್ಚಿಟ್ಟದ್ದರ ಗುರುತಾಗಿ ನಿಲ್ಲುತ್ತದೆ.

ತೇವ ಗೋಡೆಯ ಒಳಗಿನದೋ, ಗಾಳಿಯಲ್ಲಿನ ಆವಿ ಗೋಡೆ ಮೇಲೆ ಕೂತದ್ದೋ? 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ 24 ಗಂಟೆ ಬಿಡಲಾಯಿತು. ಹನಿ ಹಾಳೆಯ ಹಿಂಬದಿ, ಗೋಡೆ ಕಡೆ ಕಟ್ಟಿತು. ಹಾಗಾದರೆ ನೀರು ಗೋಡೆಯೊಳಗಿನದು. ಹೊರಮೈಯಲ್ಲಿ, ಕೋಣೆ ಕಡೆ ಕಟ್ಟಿದ್ದರೆ ಗಾಳಿಯಾಟ ಸಾಲದು ಎಂದು ಅರ್ಥ, ಖರ್ಚಿಲ್ಲದೆ ಮುಗಿಯುತ್ತಿತ್ತು.

ಬಾತ್‌ರೂಮನ್ನು 5 ತಿಂಗಳಿಂದ ಯಾರೂ ಬಳಸಿಲ್ಲ, ಆದರೂ ಗೋಡೆ ಹಸಿ. ಟೈಲ್ಸ್ ಸಂದಿಯಿಂದ ಇಳಿಯುವ ನೀರಾಗಿದ್ದರೆ ಇಷ್ಟರಲ್ಲಿ ಸ್ವಲ್ಪವಾದರೂ ಆರುತ್ತಿತ್ತು. ಅನುಮಾನ ಸದಾ ಒತ್ತಡದಲ್ಲಿರುವ ಸಪ್ಲೈ ಪೈಪಿನ ಮೇಲೆ ಹೋಯಿತು. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿದರೆ ಅದರ ಮುಖದ ಮೇಲಿನ ಪುಟ್ಟ ಚಕ್ರ ತೀರ ನಿಧಾನಕ್ಕೆ ತಿರುಗುತ್ತಿತ್ತು. (ಓವರ್‌ಹೆಡ್ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಮೀಟರ್ ಇದನ್ನು ತೋರಿಸದು, ಒಳಬರುವ ನೀರು ನಿಲ್ಲಿಸಿ, ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಬೇಕು.) ಕಮೋಡಿನ ಫ್ಲಶ್ ತೊಟ್ಟಿ (ಸಿಸ್ಟರ್ನ್) ಸೋರಿದರೂ ಚಕ್ರ ತಿರುಗುತ್ತದೆ, ಆದ್ದರಿಂದ ಮೊದಲು ಕಾರಣ ಅದಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು: ತೊಟ್ಟಿಗೆ ತಿನ್ನುವ ಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರು, ಕಮೋಡಿಗೆ ಬಣ್ಣ ಇಳಿಯಲಿಲ್ಲ. ಕೆಳಗಿನ ಬಾತ್‌ರೂಮಿನ ವಾಲ್ವ್ ಮುಚ್ಚಿದ ಕೂಡಲೇ ಚಕ್ರ ನಿಂತಿತು. ಪ್ಲಂಬರ್ ಎರಡು ಟೈಲ್ಸ್ ಬಿಚ್ಚಿದಾಗ ಶವರ್ ಮಿಕ್ಸರಿನ ಹಿಂದಿನ ಥ್ರೆಡ್ ಜಾಯಿಂಟ್ ಬೆವರುತ್ತಿತ್ತು. ಬಂದವರು ನಲ್ಲಿ ತಿರುಗಿಸಿ ನೋಡಲಿ ಎಂದು ಖಾಲಿ ಮನೆಯ ಮೇನ್ ವಾಲ್ವನ್ನು ತೆರೆದೇ ಬಿಟ್ಟಿದ್ದರು, ಹಾಗಾಗಿ ಸೋರಿಕೆಗೆ ಬಿಡುವೇ ಇರಲಿಲ್ಲ.

ತೋರಿಸುವುದೋ, ಮುಚ್ಚುವುದೋ

ಜಾಯಿಂಟ್ ಬದಲಿಸಲು ಅರ್ಧ ದಿನ ಸಾಕಾಯಿತು. ಗೋಡೆ ಒಣಗುವುದು ಮಾತ್ರ ನಮ್ಮ ಅವಸರಕ್ಕೆ ಬಗ್ಗುವುದಿಲ್ಲ. ಕಟ್ಟಡದವರ ರೂಢಿ ಲೆಕ್ಕ, ದಪ್ಪದ ಪ್ರತಿ 25 ಮಿ.ಮೀ.ಗೆ ಸುಮಾರು ಒಂದು ತಿಂಗಳು. ಇಟ್ಟಿಗೆ ಗೋಡೆ ಪೂರಾ ಆರುವವರೆಗೆ ಕಾದರೆ ಹಲವು ತಿಂಗಳು ಹೋಗುತ್ತದೆ.

ಮಾಲೀಕರ ಆತಂಕ ಅರ್ಥವಾಗುವಂಥದ್ದು: ಗಾರೆ ಕಿತ್ತ ಗೋಡೆ ತೋರಿಸಿದರೆ ಬಂದವರು ಓಡಿಹೋಗುತ್ತಾರೆ. ಆದರೆ ಮುಚ್ಚಿಟ್ಟಾಗಲೂ ಓಡಿಹೋಗುತ್ತಿದ್ದರಲ್ಲ. ಕಂಡ ದೋಷಕ್ಕೆ ಒಂದು ಬೆಲೆ ಕಟ್ಟಬಹುದು. ಅನುಮಾನಕ್ಕೆ ಕಟ್ಟಲಾಗದು, ಕೊಳ್ಳುವವರು ಅಲ್ಲಿ ಕೆಟ್ಟದ್ದನ್ನೇ ಊಹಿಸಿ ದೂರ ಸರಿಯುತ್ತಾರೆ. ಗೊತ್ತಿದ್ದೂ ಹೇಳದೆ ಮಾರಿದರೆ ಮುಂದೆ ತಕರಾರು ಮಾಲೀಕರ ಕೊರಳಿಗೇ ಸುತ್ತಿಕೊಳ್ಳುತ್ತದೆ ಎನ್ನುವುದು ಬೇರೆ ಮಾತು.

ಹೀಗಾಗಿ ಜಾಹೀರಾತನ್ನು 3 ವಾರ ಇಳಿಸಿ, ಆ ಗೋಡೆಯ ಗಾರೆಯನ್ನು ಒದ್ದೆ ಗುರುತಿಗಿಂತ 30 ಸೆಂ.ಮೀ. ಮೇಲಿನವರೆಗೂ ಕೀಳಿಸಿ, ಇಟ್ಟಿಗೆ ಕಾಣುವಂತೆ ಬಿಟ್ಟು, ಕಿಟಕಿ ತೆರೆದು ಫ್ಯಾನ್ ಹಾಕಿದರು. ವಾರಕ್ಕೊಮ್ಮೆ ಅದೇ ಮೂರು ಜಾಗದಲ್ಲಿ ತೇವದ ಮೀಟರ್ ಒತ್ತಿ ಅಂಕಿ ಬರೆದರು. ಈ ಅಗ್ಗದ ಮೀಟರುಗಳು ಮರಕ್ಕೆ ಅಳತೆ ಹಾಕಿದವು, ಇಟ್ಟಿಗೆಯ ಮೇಲೆ ಅವು ಕೊಡುವ ಶೇಕಡಾ ಅಂಕಿ ನಿಜವಾದ ತೇವಾಂಶವಲ್ಲ. ಮನೆಯ ಒಣ ಗೋಡೆಯೊಂದರ ಅಂಕಿ ಪಕ್ಕಕ್ಕಿಟ್ಟು, ವಾರ ವಾರ ಇಳಿಯುತ್ತಿದೆಯೇ ಎಂದು ನೋಡಲಷ್ಟೇ ಅವು ಸರಿ. ಆ ಪಟ್ಟಿ, ಪ್ಲಂಬರ್ ಬಿಲ್, ಹಳೇ ಜಾಯಿಂಟಿನ ಫೋಟೋ, ಮರುಗಾರೆಗೆ ಮೇಸ್ತ್ರಿ ಬರೆದುಕೊಟ್ಟ ಅಂದಾಜು ಎಲ್ಲ ಒಂದು ಫೈಲಿಗೆ ಸೇರಿ ಹಾಲಿನ ಮೇಜಿನ ಮೇಲೆ ಕೂತವು.

ಫೋಟೋ ದೂರು ಸುಲಭದ್ದು. ಹಾಲಿನ ಚಿತ್ರವನ್ನು ಮೂಲೆಯಿಂದ ಫೋನಿನ ಅಲ್ಟ್ರಾವೈಡ್ ಲೆನ್ಸಿನಲ್ಲಿ ತೆಗೆದಿದ್ದರು. ಅದನ್ನು ಬದಲಿಸಿ ಮಾಮೂಲಿ ಲೆನ್ಸಿನಲ್ಲಿ, ಎದೆಮಟ್ಟದಲ್ಲಿ ಹಿಡಿದು ತೆಗೆದ ಚಿತ್ರ ಹಾಕಿ, ಪ್ರತಿ ಕೋಣೆಯ ಉದ್ದಗಲ ಬರೆದರು. ಇದರಿಂದ ಫೋನ್ ಕಡಿಮೆಯಾಗುತ್ತವೆ. ಆಗಲಿ, 4.8 ಮೀಟರ್ ಹಾಲ್ ಸಾಲದು ಎನ್ನುವವರು ಮನೆಯಲ್ಲೇ ಉಳಿಯುವುದು ಎಲ್ಲರಿಗೂ ಲಾಭ.

ಅಡುಗೆಮನೆ ಮುಟ್ಟಲಿಲ್ಲ. ಹಳೆಯದು ಎಂದ ಇಬ್ಬರೂ ಅದಕ್ಕಾಗಿ ಬಿಟ್ಟುಹೋದವರಲ್ಲ, ಬೆಲೆ ಇಳಿಸಲು ಪೀಠಿಕೆ ಹಾಕುತ್ತಿದ್ದವರು. ಮಾರುವವರ ರುಚಿಗೆ ಮಾಡಿಸಿದ ಕಪಾಟು ಕೊಳ್ಳುವವರಿಗೆ ಹಿಡಿಸುತ್ತದೆ ಎಂಬ ಖಾತ್ರಿಯೂ ಇಲ್ಲ, ಹಾಕಿದ ಹಣ ಬೆಲೆಯಲ್ಲಿ ಪೂರಾ ವಾಪಸ್ ಬರುವುದು ಅಪರೂಪ. ಜೋತುಬಿದ್ದ ಎರಡು ಬಾಗಿಲಿನ ಹಿಂಜ್ ಬಿಗಿಮಾಡಿ, ಮಂಕಾಗಿದ್ದ ಬಲ್ಬ್ ಬದಲಿಸಿ ಕೈತೊಳೆದುಕೊಂಡರು.

ಹಳಬರನ್ನು ಮತ್ತೆ ಕರೆದ ಬಗೆ

ಮೊದಲು ಬಂದು ಹೋಗಿದ್ದವರಿಗೆ ಏಜೆಂಟರು ಬರೆದಿದ್ದ ಕರಡು: "ಮನೆ ರಿಪೇರಿ ಮಾಡಿಸಿದೀವಿ, ಬೆಲೆ ಮಾತಾಡಬಹುದು, ದಯವಿಟ್ಟು ಬನ್ನಿ." ಇದರಲ್ಲಿ ಎರಡು ತಪ್ಪು. ಕೇಳುವ ಮೊದಲೇ ಬೆಲೆ ಬಿಟ್ಟುಕೊಟ್ಟಾಗಿದೆ, ಏನು ರಿಪೇರಿ ಎಂದು ಹೇಳಿಲ್ಲ. ಕಳಿಸಿದ್ದು ಇದು: "ನೀವು ನೋಡಿದ ಮನೆಯ ಕೆಳಗಿನ ಕೋಣೆಯ ಗೋಡೆಯಲ್ಲಿ ತೇವ ಇತ್ತು. ಬಾತ್‌ರೂಮ್ ಪೈಪಿನ ಜಾಯಿಂಟ್ ಸೋರುತ್ತಿತ್ತು, ಬದಲಿಸಿದೆ. ಗೋಡೆ ತೆರೆದಿದೆ, ಒಣಗುತ್ತಿದೆ. ಬಿಲ್ಲು, ಫೋಟೋ ಇವೆ. ನಿಮ್ಮ ಕಡೆಯ ಎಂಜಿನಿಯರ್ ಕರೆತಂದು ನೋಡಬಹುದು." ಮೂವರು ಉತ್ತರಿಸಿದರು, ಅವರಲ್ಲಿ ಪೇಂಟಿನ ಬಗ್ಗೆ ಕೇಳಿದ್ದವರೂ ಒಬ್ಬರು.

ಭೇಟಿಯ ನಂತರ ಕೇಳುವ ಪ್ರಶ್ನೆಯೂ ಬದಲಾಯಿತು. "ಹೇಗನ್ನಿಸಿತು?" ಎಂದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುವುದು. ಅದರ ಬದಲು ಮರುದಿನದೊಳಗೆ ಏಜೆಂಟರೇ ಫೋನ್ ಮಾಡಿ ಎರಡು ಕೇಳುತ್ತಿದ್ದರು: "ಜಾಹೀರಾತು ನೋಡಿ ಅಂದುಕೊಂಡಿದ್ದಕ್ಕೂ ಬಂದು ನೋಡಿದ್ದಕ್ಕೂ ಏನು ವ್ಯತ್ಯಾಸ ಕಾಣಿಸ್ತು?" ಮತ್ತು "ನೀವು ನೋಡಿರೋ ಬೇರೆ ಮನೆಗಳಿಗಿಂತ ಇದರಲ್ಲಿ ಏನು ಕಮ್ಮಿ?" ಮಾಲೀಕರು ಈ ಕರೆ ಮಾಡಬಾರದು, ಭೇಟಿ ವೇಳೆ ಮನೆಯಲ್ಲೂ ಇರಬಾರದು. ಅವರ ಮುಂದೆ ಯಾರೂ ನಿಜ ಹೇಳುವುದಿಲ್ಲ. ಹೇಳಿದರೂ ಅವರು ಸಮರ್ಥನೆಗೆ ಇಳಿಯುತ್ತಾರೆ.

ಜಾಹೀರಾತು ಮತ್ತೆ ಏರಿದ 4 ವಾರಗಳಲ್ಲಿ 22 ಫೋನ್, ಹಳಬರು ಸೇರಿ 9 ಭೇಟಿ, ಹೊಸಬರಲ್ಲಿ 2 ಮರುಭೇಟಿ, 2 ಆಫರ್. ಒಂದು 91, ಇನ್ನೊಂದು 94.

ಬೆಲೆ ಮಾತು ಆಗ ಬಂತು

"ರೇಟು ಜಾಸ್ತಿ" ಅಂದವರು ಪೂರಾ ಸುಳ್ಳು ಹೇಳಿರಲಿಲ್ಲ. ಸುತ್ತಮುತ್ತ ಇಂಥದೇ ಮನೆಗಳು ಹೋಗಿದ್ದು 94ರಿಂದ 97ರ ನಡುವೆ. ಮರುಭೇಟಿಗಳಾಗಿಯೂ ಆಫರ್ ಬಾರದೇ ಇದ್ದಿದ್ದರೆ ಇಳಿಸಲೇಬೇಕಿತ್ತು, ಅದೂ ಒಂದೇ ಸಲ. ಹುಡುಕುವವರು ದುಂಡು ಮೊತ್ತದ ಮಿತಿ ಹಾಕಿ ಹುಡುಕುತ್ತಾರೆ. ವಾರಕ್ಕೊಂದು ಚೂರು ಇಳಿಸುತ್ತ ಹೋದರೆ ಆ ಮಿತಿಯೊಳಗೂ ಬರುವುದಿಲ್ಲ, ಮಾಲೀಕರು ಸುಸ್ತಾಗಿದ್ದಾರೆ ಎಂಬ ಸುದ್ದಿ ಮಾತ್ರ ಹಬ್ಬುತ್ತದೆ.

94 ಹೇಳಿದವರು ಎಂಜಿನಿಯರ್ ಕರೆತಂದು 11 ಅಂಶಗಳ ಪಟ್ಟಿ ಕೊಟ್ಟರು. ಮಾಲೀಕರಿಗೆ ಸಿಟ್ಟು ಬಂತು. ಆದರೆ ಪಟ್ಟಿ ಕೊಟ್ಟವರು ಕೊಳ್ಳಲು ಕೂತವರು, ಬೇಡದವರು ಎಂಜಿನಿಯರಿಗೆ ಫೀಸು ಕೊಡುವುದಿಲ್ಲ. ಬಿಸಿಯಾಗುತ್ತಿದ್ದ ಒಂದು ಸ್ವಿಚ್, ಬಾಲ್ಕನಿಯ ಸಡಿಲ ಕಂಬಿ, ಕಟ್ಟಿಕೊಂಡಿದ್ದ ಮಳೆನೀರಿನ ಪೈಪು ಈ ಮೂರನ್ನು ಸುರಕ್ಷತೆಯ ಮಾತೆಂದು ತಕ್ಷಣ ಸರಿಪಡಿಸಿದರು. ಅಡುಗೆಮನೆ, ಹಳೇ ಟೈಲ್ಸ್, ಕಿಟಕಿ ಚೌಕಟ್ಟಿನ ಬಣ್ಣ ಹೀಗೆ ಏಳು ಅಂಶಗಳಿಗೆ ಉತ್ತರ ಒಂದೇ ಸಾಲು: ಇವು ಮೊದಲ ದಿನವೇ ಕಂಡಿದ್ದವು, ಬೆಲೆಯಲ್ಲಿ ಸೇರಿವೆ. ಉಳಿದದ್ದು ಗೋಡೆ.

ಹಸ್ತಾಂತರಕ್ಕೆ ಮುಂಚೆ ಮಾಲೀಕರೇ ಗಾರೆ ಮಾಡಿಸಿಕೊಡಲಿ ಎಂದು ಅವರು ಕೇಳಿದರು. ಒಪ್ಪಬಾರದಿತ್ತು, ಒಪ್ಪಲಿಲ್ಲ. ಆರದ ಗೋಡೆಗೆ ಅವಸರದಲ್ಲಿ ಗಾರೆ ಹಾಕಿದರೆ ಉಪ್ಪು ಮತ್ತೆ ಏಳುತ್ತದೆ, ಆಗ ಜಗಳ ಖಚಿತ. ಮೇಸ್ತ್ರಿಯ ಅಂದಾಜು ಬೆಲೆಯ 0.5 ಭಾಗ ಇತ್ತು. ವ್ಯಾಪಾರ 96ಕ್ಕೆ ಕುದುರಿ, ಅದರಲ್ಲಿ ಈ 0.5 ಕಳೆದು 95.5ಕ್ಕೆ ನಿಂತಿತು, ಗಾರೆ ಕೆಲಸ ಕೊಂಡವರದು. ಕರಾರಿನಲ್ಲಿ ಗೋಡೆಗೇ ಒಂದು ಕಲಮು ಬರೆಸಿದರು: ಯಾವ ಗೋಡೆ, ಸೋರಿಕೆಯ ಕಾರಣ, ದುರಸ್ತಿಯಾದ ದಿನ, ಕೊನೆಯ ಮೂರು ಮೀಟರ್ ಅಂಕಿ, ಒಣ ಗೋಡೆಯ ಅಂಕಿ, ಮತ್ತು ಇದನ್ನೆಲ್ಲ ನೋಡಿ ತಿಳಿದೇ ಕೊಳ್ಳುತ್ತಿದ್ದೇವೆ ಎಂಬ ಮಾತು. ಮೀಟರ್ ಪಟ್ಟಿಯ ಪ್ರತಿಗೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿದರು.